‘ನಾಟ್ ಅಪ್ಲಿಕೇಬಲ್’ ಅಂತ ಬಂದ್ರೆ ಓಕೆ ಒತ್ತಿ ಸುಮ್ನಾಗ್ಬೇಡಿ

ಹಳೇ ವಿಂಡೋಸ್ 7, ಎಕ್ಸ್‌ಪಿ ಇನ್ನೂ ಓಡಿಸ್ತಿರೋ ಸ್ಟುಡಿಯೋದವ್ರು, ಡಿಟಿಪಿ ಅಂಗಡಿಯವ್ರು ದಯವಿಟ್ಟು ಪೂರ್ತಿ ಓದಿ.

ನಂದು ಚಿಕ್ಕ ಫೋಟೋ ಸ್ಟುಡಿಯೋ. 2017ರ ಮೇ 12ಕ್ಕೆ ವಾನಾಕ್ರೈ ಅನ್ನೋ, ಫೈಲೆಲ್ಲ ಲಾಕ್ ಮಾಡಿ ದುಡ್ಡು ಕೇಳೋ ವೈರಸ್ ಶುರುವಾಯ್ತಲ್ಲ, ಟಿವಿ ತುಂಬ ಅದೇ ಸುದ್ದಿ, ಭಯ ಆಗಿ ರಿಪೇರಿ ಹುಡುಗನ್ನ ಕರೆಸಿದೆ. ವಿಂಡೋಸ್ 7ಗೆ ಮೈಕ್ರೋಸಾಫ್ಟ್‌ನೋರು ಮಾರ್ಚ್ 14ಕ್ಕೇ ಪ್ಯಾಚ್, ಅಂದ್ರೆ ಆ ವೈರಸ್ ನುಗ್ಗೋ ತೂತು ಮುಚ್ಚೋ ಅಪ್‌ಡೇಟ್, ಬಿಟ್ಟಿದ್ರು, ಸಿಸ್ಟಮ್ ಸ್ಲೋ ಆಗುತ್ತೆ ಅಂತ ನಾವೇ ಆಟೋ ಅಪ್‌ಡೇಟ್ ಆಫ್ ಮಾಡಿಟ್ಟಿದ್ವಿ. ನುಡಿ ಹಾಕಿರೋ ಎಕ್ಸ್‌ಪಿ ಮಷೀನಿಗೆ ಕೆಬಿ4012598 ಅನ್ನೋ ನಂಬರಿನ ಪ್ಯಾಚ್ ಹಾಕಿದ, ಅದು ಸರಿಯಾಗಿ ಕೂತ್ಕೊಳ್ತು. ಆಲ್ಬಮ್ ಡಿಸೈನ್ ಮಾಡೋ ವಿಂಡೋಸ್ 7ಗೆ ಕೆಬಿ4012212 ಡಬಲ್ ಕ್ಲಿಕ್ ಮಾಡಿದ, ಸ್ವಲ್ಪ ಹೊತ್ತು ಹಸಿರು ಪಟ್ಟಿ ಓಡಿ ಒಂದು ಸಣ್ಣ ಬಾಕ್ಸ್ ಬಂತು, ‘ದಿ ಅಪ್‌ಡೇಟ್ ಈಸ್ ನಾಟ್ ಅಪ್ಲಿಕೇಬಲ್ ಟು ಯುವರ್ ಕಂಪ್ಯೂಟರ್’ ಅಂತ. "ಅಣ್ಣಾ, ಇದಕ್ಕೆ ಬೇಕಾಗಿಲ್ವಂತೆ, ಸೇಫ್" ಅಂದ. ನಂಗೂ ಹಂಗೇ ಅನ್ನಿಸ್ತು.

ಅದರ ಅರ್ಥ ಅದಲ್ಲ ರೀ. ನಮ್ಮ ವಿಂಡೋಸ್ 7ಗೆ ಸರ್ವಿಸ್ ಪ್ಯಾಕ್ 1 (ಎಸ್‌ಪಿ1, ಹಳೇ ಅಪ್‌ಡೇಟೆಲ್ಲ ಒಟ್ಟು ಸೇರಿಸಿ ಬಿಟ್ಟ ದೊಡ್ಡ ಅಪ್‌ಡೇಟ್) ಹಾಕಿರ್ಲೇ ಇಲ್ಲ, ಆ ಪ್ಯಾಚ್ ಎಸ್‌ಪಿ1 ಇದ್ರೆ ಮಾತ್ರ ಕೂರೋದು. 64 ಬಿಟ್ ಮಷೀನಿಗೆ 32 ಬಿಟ್ ಫೈಲ್ ತಂದಿದ್ರೂ ಇದೇ ಬಾಕ್ಸ್ ಬರುತ್ತೆ. ಬೀಗ ಹೊಂದ್ತಾ ಇಲ್ಲ ಅಂತ ಅದು ಹೇಳ್ತು, ಬೀಗ ಬೇಡ್ವಂತೆ ಅಂತ ನಾವು ಬಾಗ್ಲು ತೆಗ್ದಿಟ್ಟು ಹೋದ್ವಿ.

ಸೇಫ್ಟಿಗೆ ಅಂತ ಆ ಮಷೀನಿಗೆ ನೆಟ್ ಕೂಡ ತೆಗ್ಸಿದ್ದೆ, ಆದ್ರೆ ಪ್ರಿಂಟರ್ ಶೇರಿಂಗಿಗೆ ಲ್ಯಾನ್ ವೈರ್, ಅಂಗಡಿ ಕಂಪ್ಯೂಟರುಗಳನ್ನ ಒಂದಕ್ಕೊಂದು ಜೋಡಿಸೋದು, ಹಂಗೇ ಇತ್ತು. ಈ ವೈರಸ್ಸಿಗೆ ಯಾರೂ ಮೇಲ್ ಓಪನ್ ಮಾಡ್ಬೇಕಾಗಿಲ್ಲ, ಪ್ಯಾಚ್ ಇಲ್ದಿರೋ ಮಷೀನಲ್ಲಿ 445ನೇ ಪೋರ್ಟ್ (ಫೈಲ್, ಪ್ರಿಂಟರ್ ಹಂಚ್ಕೊಳ್ಳೋ ದಾರಿ) ಸಿಕ್ರೆ ಸಾಕು, ಲ್ಯಾನಲ್ಲೇ ಹರಿದು ಬರುತ್ತೆ. ಮೊದಲ ವಾನಾಕ್ರೈ ಒಂದು ವೆಬ್ ಅಡ್ರೆಸ್ ಕೇಳ್ತಿತ್ತು, ಅಲ್ಲಿಂದ ಉತ್ತರ ಬಂದ್ರೆ ನಿಂತ್ಬಿಡೋದು, ನೆಟ್ಟೇ ಇಲ್ದಿದ್ರೆ ಉತ್ತರ ಬರಲ್ಲ, ಕೆಲಸ ಮುಂದುವರಿಸುತ್ತೆ.

ಜೂನ್ ಮೊದಲ ವಾರ, ಆಷಾಢಕ್ಕೆ ಮುಂಚಿನ ಮದುವೆ ಸೀಸನ್, ಪರಿಚಯದವರೊಬ್ರು ಪ್ರಿಂಟ್ ತಗೊಳ್ಳೋಕೆ ಲ್ಯಾಪ್‌ಟಾಪ್ ತಂದು ನಮ್ಮ ಲ್ಯಾನಿಗೆ ಸಿಕ್ಕಿಸಿದ್ರು. ಊಟ ಮುಗಿಸಿ ಬಂದ್ರೆ ಸ್ಕ್ರೀನ್ ಮೇಲೆ ಕೆಂಪು ವಿಂಡೋ, 300 ಡಾಲರ್ ಬಿಟ್‌ಕಾಯಿನಲ್ಲಿ ಕೊಡಿ, ಮೂರು ದಿನ ದಾಟಿದ್ರೆ ಡಬಲ್, ಎಡಗಡೆ ಟೈಮರ್ ಓಡ್ತಾ ಇದೆ. ಪಿಎಸ್‌ಡಿ, ಜೆಪಿಜಿ ಎಲ್ಲದರ ಹೆಸರಿನ ಕೊನೇಲೂ ಡಬ್ಲ್ಯುಎನ್‌ಸಿಆರ್‌ವೈ, ಅಂದ್ರೆ ಎಲ್ಲ ಲಾಕ್. ಬ್ಯಾಕಪ್ ಹಾರ್ಡ್‌ಡಿಸ್ಕ್ ಸಿಕ್ಕಿಸೇ ಇತ್ತು, ಅದೂ ಹೋಯ್ತು. ದುಡ್ಡು ಕಟ್ಲಿಲ್ಲ, ಕಟ್ಟಿದ್ರೂ ಫೈಲ್ ಬರುತ್ತೆ ಅನ್ನೋ ಗ್ಯಾರಂಟಿ ಇರ್ಲಿಲ್ಲ.

ಈಗ ನೀವು ಮಾಡ್ಬೇಕಾದ್ದು. ‘ಹಾಕಿದೀನಿ’ ಅಂತ ಯಾರು ಹೇಳಿದ್ರೂ ನಂಬ್ಬೇಡಿ, ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗೆ ಡ್ರೈವರ್ಸ್ ಫೋಲ್ಡರಲ್ಲಿ ಎಸ್‌ಆರ್‌ವಿ.ಸಿಸ್ (srv.sys) ಫೈಲಿನ ಪ್ರಾಪರ್ಟೀಸ್ ತೆಗೆದು ವರ್ಷನ್ ನೋಡಿ, ವಿಂಡೋಸ್ 7ಲ್ಲಿ 6.1.7601.23689 ಅಥವಾ ಅದಕ್ಕಿಂತ ಮೇಲೆ, ಎಕ್ಸ್‌ಪೀಲಿ 5.1.2600.7208 ಇರ್ಬೇಕು. ಎಸ್‌ಪಿ1 ಇಲ್ದಿದ್ರೆ ಮೊದ್ಲು ಅದು ಹಾಕಿ, ಆಮೇಲೆ ಪ್ಯಾಚ್. ಪ್ಯಾಚ್ ಫೈಲ್ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗಿಂದ ಮಾತ್ರ ಇಳಿಸ್ಕೊಳ್ಳಿ, ವಾಟ್ಸಾಪಲ್ಲಿ ಬಂದ ಲಿಂಕ್ ಬೇಡ. ಇದಾದ್ಮೇಲೆ 2019ರ ಮೇನಲ್ಲಿ ಬ್ಲೂಕೀಪ್ ಅನ್ನೋ ಇನ್ನೊಂದು ತೂತು ಬೆಳಕಿಗೆ ಬಂತು, ರಿಮೋಟ್ ಡೆಸ್ಕ್‌ಟಾಪಿಂದು (ದೂರದಿಂದ ಕಂಪ್ಯೂಟರ್ ನಡೆಸೋ ಸೌಲಭ್ಯ), ಅದಕ್ಕೆ ಬೇರೆ ಪ್ಯಾಚ್, ಅದನ್ನೂ ಚೆಕ್ ಮಾಡ್ಕೊಳ್ಳಿ. ಬ್ಯಾಕಪ್ ಡಿಸ್ಕ್ ಕೆಲಸ ಆದ್ಮೇಲೆ ಕಿತ್ತು ಬೀರುಲಿ ಇಡಿ.

ಹೆಚ್ಚಿನ ಮದುವೆಗಳ ಫೋಟೋ ಮೆಮೊರಿ ಕಾರ್ಡಲ್ಲಿ ಉಳ್ದಿತ್ತು. ಒಂದರದ್ದು ಮಾತ್ರ ಕಾರ್ಡ್ ಫಾರ್ಮ್ಯಾಟ್ ಮಾಡ್ಬಿಟ್ಟಿದ್ವಿ. ಮದುಮಗಳ ಅಪ್ಪ ಬಂದಾಗ ಅಡ್ವಾನ್ಸ್ ವಾಪಸ್ ಕೊಟ್ಟು, ಸ್ಯಾಂಪಲ್ಲಿಗೆ ಅಂತ ಮೊದಲೇ ತೆಗ್ದಿದ್ದ 18 ಪ್ರಿಂಟ್ ಕವರಲ್ಲಿ ಹಾಕಿ ಕೊಟ್ಟೆ. ಅವ್ರು ಅಲ್ಲೇ ಕೌಂಟರ್ ಮೇಲೆ ಒಂದೊಂದಾಗಿ ಇಟ್ಟು ನೋಡಿ, "ಧಾರೆದು ಒಂದೂ ಇಲ್ವಲ್ಲಪ್ಪ" ಅಂದ್ರು.