ಓಡುವ ಕ್ಲಸ್ಟರ್‌ಗೆ ಹೊಸ ನೋಡ್: ಕಸಾಂಡ್ರಾವನ್ನು ಎಷ್ಟು ನಂಬಬಹುದು?

ಡೇಟಾಬೇಸ್ ನೋಡಿಕೊಳ್ಳುವುದೇ ನನ್ನ ಕೆಲಸ. ಏಳು ವರ್ಷದಿಂದ ಅಪಾಚೆ ಕಸಾಂಡ್ರಾ ಜೊತೆಗೇ ಇದ್ದೇನೆ. ಡೇಟಾವನ್ನು ಹಲವು ಕಂಪ್ಯೂಟರ್‌ಗಳಿಗೆ (ಒಂದೊಂದೂ ಒಂದು ನೋಡ್, ಎಲ್ಲ ಸೇರಿ ಕ್ಲಸ್ಟರ್) ಹಂಚಿ ಇಡುವ ಡೇಟಾಬೇಸ್ ಇದು. ಇದರ ವೇಗದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದೇ ಕೆಲಸ ಹಿಡಿದು ಇದನ್ನು ಅಳೆಯುತ್ತೇನೆ. ಕ್ಲಸ್ಟರ್ ಓಡುತ್ತಿರುವಾಗಲೇ, ಬಳಸುವವರಿಗೆ ಗೊತ್ತಾಗದ ಹಾಗೆ ಹೊಸ ನೋಡ್ ಸೇರಿಸಬಹುದಾ? ಇನ್ನೊಂದು ಡೇಟಾ ಸೆಂಟರ್‌ಗೂ ಹಬ್ಬಿಸಬಹುದಾ? ಡಿಸ್ಕ್ ಮುಕ್ಕಾಲು ತುಂಬಿದ ದಿನ ಬೇರೆ ಯಾವ ಗುಣವೂ ನೆನಪಿಗೆ ಬರುವುದಿಲ್ಲ.

ಸೇರಿಸಬಹುದು. ನಾನು ಹತ್ತಾರು ಸಲ ಸೇರಿಸಿದ್ದೇನೆ, ಒಂದು ಸಾಲು ಡೇಟಾ ಕಳೆದುಕೊಂಡಿಲ್ಲ. ಆದರೆ ನೀವು ಹೇಳಿದ್ದನ್ನು ಕಸಾಂಡ್ರಾ ಹೇಳಿದ ಹಾಗೇ ಮಾಡುತ್ತದೆ. ಹೇಳಿದ್ದರಲ್ಲೇ ತಪ್ಪಿದ್ದರೆ ಎಷ್ಟೋ ಕಡೆ ಎಚ್ಚರಿಸುವುದೂ ಇಲ್ಲ.

ಇದು ಫೇಸ್‌ಬುಕ್‌ನ ಇನ್‌ಬಾಕ್ಸ್ ಹುಡುಕಾಟಕ್ಕಾಗಿ ಹುಟ್ಟಿದ್ದು, 2008ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಇದರಲ್ಲಿ ಯಜಮಾನ ನೋಡ್ ಅಂತ ಇಲ್ಲ. ಎಲ್ಲ ನೋಡ್‌ಗಳೂ ಸಮ. ಹೊಸದೊಂದು ಬಂದಾಗ ಅದು ಬೇರೆಯವರಿಂದ ತನ್ನ ಪಾಲಿನ ಟೋಕನ್ (ಯಾವ ಡೇಟಾ ಯಾವ ನೋಡ್‌ನದ್ದೆಂದು ಗುರುತಿಸುವ ಸಂಖ್ಯೆ) ತೆಗೆದುಕೊಂಡು, ಆ ಪಾಲಿನ ಡೇಟಾವನ್ನು ಎಳೆದುಕೊಳ್ಳಲು ಶುರು ಮಾಡುತ್ತದೆ. ಆಗ ನೋಡ್‌ಟೂಲ್ ಸ್ಟೇಟಸ್ ಎಂಬ ಕಮಾಂಡ್ ಕೊಟ್ಟರೆ ಅದರ ಮುಂದೆ 'ಯುಜೆ' ಅಂತ ಕಾಣುತ್ತದೆ. ಎದ್ದಿದೆ, ಸೇರುತ್ತಿದೆ ಅಂತ ಅರ್ಥ. ಈ ಹೊತ್ತಿನಲ್ಲಿ ಹೊಸ ಬರಹಗಳು ಅದಕ್ಕೂ ಹೋಗುತ್ತವೆ, ಆದರೆ ಓದುವ ವಿನಂತಿ ಒಂದೂ ಹೋಗುವುದಿಲ್ಲ. ಪೂರ್ತಿ ತುಂಬಿದ ಮೇಲೇ 'ಯುಎನ್' (ಎದ್ದಿದೆ, ಮಾಮೂಲಿನಂತಿದೆ) ಆಗುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು ವಿಷಯ. ಒಂದೇ ಡೇಟಾದ ನಕಲುಗಳು, ಅಂದರೆ ಪ್ರತಿಗಳು, ಹಲವು ನೋಡ್‌ಗಳಲ್ಲಿ ಇರುತ್ತವೆ. ಹೊಸ ನೋಡ್ ಕೈಗೆ ಸಿಕ್ಕ ಪ್ರತಿಯಿಂದ ಡೇಟಾ ತರುವುದಿಲ್ಲ. ಯಾವ ನೋಡ್ ಆ ಪಾಲನ್ನು ಬಿಟ್ಟುಕೊಡುತ್ತಿದೆಯೋ ಅದರಿಂದಲೇ ತರುತ್ತದೆ. ಮೂರು ಪ್ರತಿಗಳಲ್ಲಿ ಎರಡರಲ್ಲಿ ಮಾತ್ರ ಹೊಸ ಬೆಲೆ (ಅಂದರೆ ಹೊಸದಾಗಿ ಬರೆದ ಡೇಟಾ) ಇದೆ ಅಂತಿಟ್ಟುಕೊಳ್ಳಿ. ಮೂರನೆಯ ಹಳೇ ಪ್ರತಿಯಿಂದ ನಕಲು ಮಾಡಿ, ಹೊಸ ಬೆಲೆ ಇದ್ದ ನೋಡ್‌ನ ಜಾಗಕ್ಕೆ ಬಂದು ಕೂತರೆ? ಕ್ವೋರಂನಲ್ಲಿ, ಅಂದರೆ ಅರ್ಧಕ್ಕಿಂತ ಹೆಚ್ಚು ಪ್ರತಿಗಳನ್ನು ಕೇಳಿ ಓದಿದರೂ ಹಳೇ ಬೆಲೆ ಬರಬಹುದು. ಆ ಬಾಗಿಲನ್ನೇ ಮುಚ್ಚಿದ್ದಾರೆ. ಇದೇ ಕಾರಣಕ್ಕೆ ಒಂದು ನೋಡ್ ಸೇರುತ್ತಿರುವಾಗ ಇನ್ನೊಂದನ್ನು ಎಬ್ಬಿಸಿದರೆ ಅದು ಒಪ್ಪುವುದಿಲ್ಲ, ದೋಷ ತೋರಿಸಿ ನಿಲ್ಲುತ್ತದೆ. ಆ ತಡೆಯನ್ನು ತೆಗೆಯುವ ಸೆಟ್ಟಿಂಗ್ ಇದೆ. ದಯವಿಟ್ಟು ಮುಟ್ಟಬೇಡಿ. ಒಂದಾದ ಮೇಲೆ ಒಂದು, ನಡುವೆ ಕನಿಷ್ಠ ಎರಡು ನಿಮಿಷ. ಸುದ್ದಿ ಗಾಸಿಪ್ (ನೋಡ್‌ಗಳು ಒಂದಕ್ಕೊಂದು ಮಾಹಿತಿ ದಾಟಿಸುವ ವಿಧಾನ) ಮೂಲಕ ಎಲ್ಲ ನೋಡ್‌ಗೂ ಮುಟ್ಟಬೇಕಲ್ವಾ?

ಇನ್ನು ನಾನು ಎಡವಿದ ಜಾಗ. ನಮ್ಮಲ್ಲಿ ಆರು ನೋಡ್ ಇತ್ತು, ಒಂದೊಂದರಲ್ಲೂ ಸುಮಾರು 800 ಜಿಬಿ, ಮೂರು ಪ್ರತಿ. ಎಲ್ಲವೂ ಒಂದೇ ರ‍್ಯಾಕ್ ಹೆಸರಿನಲ್ಲಿ. ರ‍್ಯಾಕ್ ಅಂದರೆ ಯಂತ್ರಗಳನ್ನು ಜೋಡಿಸಿಡುವ ಕಪಾಟು. ಏಳನೆಯದನ್ನು ಸೇರಿಸುವಾಗ ಆ ರ‍್ಯಾಕ್ ಹೆಸರಿನ ಮೊದಲ ಅಕ್ಷರವನ್ನು ನಾನು ದೊಡ್ಡಕ್ಷರದಲ್ಲಿ ಬರೆದುಬಿಟ್ಟೆ. ಕಸಾಂಡ್ರಾ ಕಣ್ಣಿಗೆ ಅದು ಹೊಸ ರ‍್ಯಾಕ್. ಪ್ರತಿಗಳನ್ನು ಬೇರೆ ಬೇರೆ ರ‍್ಯಾಕ್‌ಗೆ ಹಂಚುವುದು ಅದರ ನಿಯಮ. ಹಾಗಾಗಿ ಪ್ರತಿಯೊಂದು ಸಾಲಿನ ಒಂದು ಪ್ರತಿ ಆ ಒಂಟಿ ನೋಡ್‌ಗೇ ಹೋಗಬೇಕಾಯಿತು. ಸುಮಾರು 690 ಜಿಬಿ ಬರಬೇಕಾದ ಕಡೆ 1,600 ಜಿಬಿ ಹರಿದು ಬರತೊಡಗಿತು. ಡಿಸ್ಕ್ ಇದ್ದದ್ದು 1,500.

ರಾತ್ರಿ ಎರಡು ಗಂಟೆಗೆ ಲೋಡ್ ಅಂಕಿ (ನೋಡ್‌ಗೆ ಬಂದ ಡೇಟಾ) 900 ಜಿಬಿ ದಾಟಿದ್ದು ನೋಡಿ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಅದಿನ್ನೂ 'ಯುಜೆ'ಯಲ್ಲೇ ಇತ್ತು. ನಿಲ್ಲಿಸಿದೆ, ಡೇಟಾ ಫೋಲ್ಡರ್ ಅಳಿಸಿದೆ, ಹೆಸರು ಸರಿಮಾಡಿ ಮತ್ತೆ ಎಬ್ಬಿಸಿದೆ. ಹಳೇ ಆರು ನೋಡ್‌ಗಳು ಅಷ್ಟೂ ಹೊತ್ತು ಮೊದಲಿನ ಹಾಗೇ ಉತ್ತರ ಕೊಡುತ್ತಿದ್ದವು. ತಪ್ಪು ನನ್ನದೇ. ಆದರೂ ಒಂದು ಮಾತು ಹೇಳಲೇಬೇಕು. ಒಮ್ಮೆ ಸೇರಿದ ನೋಡ್‌ನ ರ‍್ಯಾಕ್ ಹೆಸರು ಬದಲಿಸಿದರೆ ಕಸಾಂಡ್ರಾ ಏಳುವುದಕ್ಕೇ ಒಪ್ಪುವುದಿಲ್ಲ. ಅಷ್ಟು ಎಚ್ಚರ ಇರುವ ತಂತ್ರಾಂಶ, ಒಂದೇ ನೋಡ್ ಇರುವ ಹೊಸ ರ‍್ಯಾಕ್ ಹುಟ್ಟುವಾಗ 'ಇದು ಬೇಕಾ?' ಅಂತ ಒಂದು ಸಲ ಕೇಳಬಹುದಿತ್ತು.

ಇದೇ ಜಾತಿಯ ಇನ್ನೊಂದು ಬಲೆ ಟೋಕನ್ ಸಂಖ್ಯೆ. 3ರ ಸಾಲಿನ ಆವೃತ್ತಿಗಳಲ್ಲಿ ಒಂದು ನೋಡ್‌ಗೆ ತಾನಾಗಿ 256 ಟೋಕನ್ ಇರುತ್ತಿತ್ತು. 2021ರಲ್ಲಿ ಬಂದ 4.0ರಲ್ಲಿ ಅದು 16 ಆಯಿತು. ಹಳೇ ಕ್ಲಸ್ಟರ್‌ಗೆ ಹೊಸ ಕಾನ್ಫಿಗ್ ಫೈಲ್ ಇಟ್ಟು ನೋಡ್ ಸೇರಿಸಿದರೆ ಅದು ಉಳಿದವರ ಹದಿನಾರನೇ ಒಂದು ಪಾಲಿನಷ್ಟು ಭಾರ ಮಾತ್ರ ಹೊರುತ್ತದೆ. ಸೇರಿಸಿದ್ದೇ ದಂಡ. ಒಂದು ಡೇಟಾ ಸೆಂಟರ್ ಒಳಗೆ ಈ ಸಂಖ್ಯೆ ಒಂದೇ ಇರಲಿ. ಬದಲಿಸುವ ಆಸೆ ಇದ್ದರೆ ಹೊಸ ಡೇಟಾ ಸೆಂಟರ್ ಕಟ್ಟುವಾಗ ಬದಲಿಸಿ. ಹೊಸ ನೋಡ್‌ನ ಹೆಸರು ಅದರದ್ದೇ ಸೀಡ್ ಪಟ್ಟಿಯಲ್ಲಿ (ಏಳುವಾಗ ಮೊದಲು ಸಂಪರ್ಕಿಸುವ ನೋಡ್‌ಗಳ ಪಟ್ಟಿ) ಇರಕೂಡದು ಎಂಬುದನ್ನೂ ನೋಡಿಕೊಳ್ಳಿ. ಸೀಡ್ ಆದ ನೋಡ್ ಡೇಟಾ ಎಳೆದುಕೊಳ್ಳದೆ ನೇರ 'ಯುಎನ್' ಆಗಿಬಿಡುತ್ತದೆ. ಹೊರಗಿಂದ ಎಲ್ಲ ಸರಿ, ಒಳಗೆ ಖಾಲಿ.

ಎರಡನೇ ಡೇಟಾ ಸೆಂಟರ್ ಕಟ್ಟುವುದು ಬೇರೆಯದೇ ಕೆಲಸ. ಇಲ್ಲಿ ಕ್ರಮವೇ ಪ್ರಾಣ. ಮೊದಲು ಅಪ್ಲಿಕೇಶನ್‌ಗಳನ್ನು ನೋಡಿ. ಎಲ್ಲವೂ ಲೋಕಲ್ ಕ್ವೋರಂನಲ್ಲಿ (ಒಂದೇ ಡೇಟಾ ಸೆಂಟರ್ ಒಳಗಿನ ಪ್ರತಿಗಳ ಬಹುಮತ) ಓದಿ ಬರೆಯಬೇಕು, ಹಳೇ ಡೇಟಾ ಸೆಂಟರ್ ಜೊತೆ ಮಾತ್ರ ಮಾತಾಡಬೇಕು. ಬರೀ ಕ್ವೋರಂ ಅಂತ ಬಿಟ್ಟರೆ ಏನಾಗುತ್ತದೆ? ಇಲ್ಲಿ ಮೂರು, ಅಲ್ಲಿ ಮೂರು, ಒಟ್ಟು ಆರು ಪ್ರತಿ. ಕ್ವೋರಂ ಅಂದರೆ ನಾಲ್ಕು. ಆ ನಾಲ್ಕರಲ್ಲಿ ಮೂರು ಹೊಸ ಕಡೆಯ ಖಾಲಿ ನೋಡ್‌ಗಳೇ ಆಗಿರಬಹುದು. ಉಳಿದ ಒಂದರಲ್ಲಿ ಹಳೇ ಬೆಲೆ ಇದ್ದರೆ ಅದೇ ಉತ್ತರ. ಮೇಲಾಗಿ ಪ್ರತಿ ವಿನಂತಿಯೂ ದೂರದ ಊರು ಮುಟ್ಟಿ ಬರಬೇಕು.

ಅದಾದ ಮೇಲೆ ಹೊಸ ನೋಡ್‌ಗಳನ್ನು ಆಟೋ ಬೂಟ್‌ಸ್ಟ್ರ್ಯಾಪ್ (ಸೇರುವಾಗ ತಾನಾಗಿ ಡೇಟಾ ಎಳೆದುಕೊಳ್ಳುವ ಸೆಟ್ಟಿಂಗ್) ಆಫ್ ಮಾಡಿ ಒಂದೊಂದಾಗಿ ಎಬ್ಬಿಸುತ್ತೇವೆ. ಎಲ್ಲವೂ ಎದ್ದ ಮೇಲೆ ಕೀಸ್ಪೇಸ್ (ಎಷ್ಟು ಪ್ರತಿ ಎಂಬ ನಿಯಮವಿರುವ ಟೇಬಲ್‌ಗಳ ಗುಂಪು) ಬದಲಿಸಿ ಹೊಸ ಡೇಟಾ ಸೆಂಟರ್‌ಗೂ ಮೂರು ಪ್ರತಿ ಅಂತ ಹೇಳುತ್ತೇವೆ. 4.0ರಿಂದ ಈಚೆಗೆ ಇಲ್ಲದ ಡೇಟಾ ಸೆಂಟರ್ ಹೆಸರು ಬರೆದರೆ ಕಮಾಂಡನ್ನೇ ತಿರಸ್ಕರಿಸುತ್ತದೆ. ಇದು ನಿಜಕ್ಕೂ ಒಳ್ಳೆಯ ತಿದ್ದುಪಡಿ. ಲಾಗಿನ್ ವಿವರ ಇರುವ ಸಿಸ್ಟಮ್ ಆಥ್ ಕೀಸ್ಪೇಸನ್ನೂ ಮರೆಯದೆ ಬದಲಿಸಿ. ಅದು ಶುರುವಿನಲ್ಲಿ ಒಂದೇ ಪ್ರತಿಯೊಂದಿಗೆ ಬರುತ್ತದೆ. ಹಾಗೇ ಬಿಟ್ಟರೆ ನಡುವಿನ ಲಿಂಕ್ ಹೋದ ದಿನ ಹೊಸ ಕಡೆ ಲಾಗಿನ್ನೇ ಆಗದೆ ಕೂರಬೇಕಾಗುತ್ತದೆ.

ಕೊನೆಗೆ ಹೊಸ ನೋಡ್‌ಗೆ ಡೇಟಾ ತುಂಬಿಸುವ ಕಮಾಂಡ್, ನೋಡ್‌ಟೂಲ್ ರೀಬಿಲ್ಡ್. ಪ್ರತಿ ಹೊಸ ನೋಡ್‌ನಲ್ಲೂ ಓಡಿಸಬೇಕು. ಯಾವ ಡೇಟಾ ಸೆಂಟರ್‌ನಿಂದ ತರಬೇಕು ಅನ್ನುವ ಹೆಸರನ್ನು ಕಮಾಂಡಿನಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಕೆಲಸ ಯಶಸ್ವಿಯಾಗಿ ಮುಗಿದ ಹಾಗೆ ಕಾಣಬಹುದು, ನೋಡ್ ಮಾತ್ರ ಖಾಲಿ. ಇಡೀ ಕಸಾಂಡ್ರಾದಲ್ಲಿ ನನಗೆ ನಿಜವಾಗಿ ಸಿಟ್ಟು ಬರಿಸುವುದು ಇದೊಂದೇ. ಡೇಟಾ ಬರದೇ ಇದ್ದಾಗ ಬಂದಿಲ್ಲ ಅಂತ ಹೇಳಬೇಕು, ಅಷ್ಟೇ. ರೀಬಿಲ್ಡ್ ಮುಗಿದ ಮೇಲೂ ಪೂರ್ತಿ ರಿಪೇರ್ (ಪ್ರತಿಗಳನ್ನು ಹೋಲಿಸಿ ಸರಿಪಡಿಸುವ ಕೆಲಸ) ಓಡಿಸುತ್ತೇನೆ. ಏಕೆಂದರೆ ರೀಬಿಲ್ಡ್ ಒಂದೇ ಪ್ರತಿಯಿಂದ ತಂದಿರುತ್ತದೆ, ಆ ಪ್ರತಿಯಲ್ಲಿ ಇಲ್ಲದ್ದು ಇಲ್ಲೂ ಇರುವುದಿಲ್ಲ. ರಿಪೇರ್ ಆದ ಮೇಲಷ್ಟೇ ಅಪ್ಲಿಕೇಶನ್‌ಗಳಿಗೆ ಹೊಸ ಕಡೆ ದಾರಿ ಬಿಡುತ್ತೇನೆ.

ಸಮಯದ ಲೆಕ್ಕ ಹೀಗೆ. ಒಂದು ನೋಡ್ ಹೊರಗೆ ಕಳಿಸುವ ವೇಗಕ್ಕೆ ಮೊದಲೇ ಮಿತಿ ಇದೆ, ಸೆಕೆಂಡಿಗೆ 200 ಮೆಗಾಬಿಟ್. ಅಂದರೆ ಸುಮಾರು 25 ಮೆಗಾಬೈಟ್. 800 ಜಿಬಿ ಕಳಿಸಲು ಒಂಬತ್ತು ಗಂಟೆ. ಆ ಮಿತಿಯನ್ನು ಓಡುತ್ತಿರುವಾಗಲೇ ಏರಿಸಬಹುದು. ನಾನು ಏರಿಸುವುದಿಲ್ಲ. ರಾತ್ರಿ ಪೂರ್ತಿ ಹರಿಯಲಿ, ಹಗಲಿನ ಬಳಕೆದಾರರಿಗೆ ತೊಂದರೆ ಆಗದಿದ್ದರೆ ಸಾಕು. ನಡುವೆ ಸ್ಕೀಮಾ (ಟೇಬಲ್‌ಗಳ ರಚನೆ) ಬದಲಿಸುವುದಿಲ್ಲ, ರಿಪೇರ್ ಓಡಿಸುವುದಿಲ್ಲ.

ಹಳೇ ಡೇಟಾ ಸೆಂಟರ್‌ಗೇ ನೋಡ್ ಸೇರಿಸಿದಾಗ ಒಂದು ಕೆಲಸ ಬಾಕಿ ಉಳಿಯುತ್ತದೆ, ಅದೇ ಕ್ಲೀನಪ್. ಬಿಟ್ಟುಕೊಟ್ಟ ಪಾಲಿನ ಡೇಟಾವನ್ನು ಹಳೇ ನೋಡ್‌ಗಳು ತಾವಾಗಿ ಅಳಿಸುವುದಿಲ್ಲ. 'ನೋಡ್ ಸೇರಿಸಿದರೂ ಡಿಸ್ಕ್ ಖಾಲಿಯಾಗಲಿಲ್ಲ' ಅಂತ ಕೇಳುವವರಿಗೆ ಉತ್ತರ ಇದೇ. ಎಲ್ಲ ನೋಡ್ ಸೇರಿ ಎರಡು ದಿನ ನೋಡಿದ ಮೇಲೆ ಒಂದೊಂದು ನೋಡ್‌ನಲ್ಲೂ ನಾವೇ ಓಡಿಸಬೇಕು. ಕೈಯಿಂದ ಮಾಡಬೇಕಾದ್ದನ್ನು ಕೆಲವರು ಕೊರತೆ ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ, ಹೊಸ ಯಂತ್ರ ಮೊದಲ ದಿನವೇ ಕೈಕೊಟ್ಟರೆ ಹಳೇ ಫೈಲುಗಳು ಇರುತ್ತವೆಂಬ ಧೈರ್ಯ ಇರುತ್ತದೆ. ಆದರೆ ತಿಂಗಳುಗಟ್ಟಲೆ ಮರೆಯಬೇಡಿ. ಮುಂದೆ ಯಾವತ್ತೋ ಆ ಹೊಸ ನೋಡ್ ತೆಗೆದರೆ ಅಳಿಸಿದ ಡೇಟಾ ಹಳೇ ಫೈಲುಗಳಿಂದ ಮತ್ತೆ ಜೀವ ಪಡೆಯಬಹುದು.

ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿದ್ದೇನೆ. ರ‍್ಯಾಕ್ ಹೆಸರಿನ ಸಾಲು ಎಲ್ಲಕ್ಕಿಂತ ಮೇಲಿದೆ, ಅದನ್ನು ಸಹೋದ್ಯೋಗಿಯೊಬ್ಬರು ಗಟ್ಟಿಯಾಗಿ ಓದಿ ಒಪ್ಪಿದ ಮೇಲೇ ನಾನು ಹೊಸ ನೋಡ್ ಎಬ್ಬಿಸುತ್ತೇನೆ. ಯಾರು ಕ್ಲಸ್ಟರ್‌ನಲ್ಲಿದ್ದಾರೆ ಎಂಬುದನ್ನು ಗಾಸಿಪ್‌ಗೆ ಬಿಡದೆ ಕ್ರಮವಾದ ಲಾಗ್‌ನಲ್ಲಿ ಬರೆದಿಡುವ ಕೆಲಸವನ್ನು ಯೋಜನೆಯವರು ಮುಂದಿನ ದೊಡ್ಡ ಆವೃತ್ತಿಗಾಗಿ ಮಾಡುತ್ತಿದ್ದಾರೆ. ಅದು ಬಂದ ದಿನ ಚೀಟಿಯಿಂದ ಎರಡು ನಿಮಿಷ ಕಾಯುವ ಸಾಲನ್ನು ಹೊಡೆದುಹಾಕಬಹುದೇನೋ.