ಆರು ಸೆಮಿಸ್ಟರ್ ಬಳಸಿ ನೋಡಿದೆ: ನಮ್ಮ ಯೂನಿವರ್ಸಿಟಿಯ ಕೋರ್ಸ್ ರಿಜಿಸ್ಟ್ರೇಷನ್ ಪೋರ್ಟಲ್
ರೇಟಿಂಗ್: ಮೊದಲ ನಾಲ್ಕು ಸೆಮಿಸ್ಟರ್‌ಗೆ 5ಕ್ಕೆ 1. ಕೊನೆಯ ಎರಡಕ್ಕೆ 4.

ಹೆಸರು ಹೇಳುವುದಿಲ್ಲ, ಮಾರ್ಕ್ಸ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ. ಬೆಂಗಳೂರಿನ ಒಂದು ಖಾಸಗಿ ವಿವಿ, ಓದಿದ್ದು ಬಿಎಸ್ಸಿ. ಅಷ್ಟು ಸಾಕು.

ಕೋರ್ ಪೇಪರ್‌ಗಳದ್ದು ಏನೂ ತಂಟೆ ಇಲ್ಲ, ಅವು ಮೊದಲೇ ಟಿಕ್ ಆಗಿರುತ್ತವೆ. ಜಗಳವೆಲ್ಲ ನಾವೇ ಆರಿಸಿಕೊಳ್ಳುವ ಇಲೆಕ್ಟಿವ್‌ನದ್ದು. 2021-22ರಲ್ಲಿ ಕರ್ನಾಟಕಕ್ಕೆ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಸೈನ್ಸ್‌ನವರು ಸಂಗೀತವನ್ನೂ ಓದಬಹುದು ಅಂದರು. ಓದಬಹುದು, ಸೀಟು ಸಿಕ್ಕರೆ! ನಮ್ಮಲ್ಲಿ ಒಂದು ಕೋರ್ಸಿಗೆ 60 ಸೀಟು. ಬೆಳಿಗ್ಗೆ 9ಕ್ಕೆ ಲಿಂಕ್ ತೆರೆಯುತ್ತದೆ. ಮೊದಲು ಒತ್ತಿದವರಿಗೆ ಸೀಟು.

ಮೂರನೇ ಸೆಮಿಸ್ಟರ್‌ನ ರಿಜಿಸ್ಟ್ರೇಷನ್ ರಜೆಯಲ್ಲಿ ಬಂತು. ನಾನು ತೀರ್ಥಹಳ್ಳಿ ಕಡೆಯ ನಮ್ಮನೆಯಲ್ಲಿದ್ದೆ. ಮಳೆಗಾಲ ಬೇರೆ. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಹೋಗುವ ಊರು ಅದು. ಅಪ್ಪ ಬೈಕಿನಲ್ಲಿ ಪೇಟೆಯ ಸೈಬರ್ ಸೆಂಟರ್‌ಗೆ ಕರೆದುಕೊಂಡು ಹೋದರು. 8.50ಕ್ಕೇ ಕೂತೆ. 9ಕ್ಕೆ ಬರೀ ಬಿಳಿ ಪರದೆ. 9.06ಕ್ಕೆ ಓಟಿಪಿ ಕೇಳಿತು. ಅಡ್ಮಿಷನ್‌ನಲ್ಲಿ ಕೊಟ್ಟಿದ್ದು ಅಪ್ಪನ ನಂಬರ್. ಅಪ್ಪ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದರು. ಓಡಿಹೋಗಿ ಓಟಿಪಿ ತಂದು ಒತ್ತುವಷ್ಟರಲ್ಲಿ ಸೆಷನ್ ಎಕ್ಸ್‌ಪೈರ್ಡ್. ಫೋಟೋಗ್ರಫಿ ಬೇಕಿತ್ತು, ಸಿಕ್ಕಿದ್ದು ಪರ್ಸನಲ್ ಫೈನಾನ್ಸ್. ಪಾಲಿಗೆ ಬಂದದ್ದು ಪಂಚಾಮೃತ ಅಂತ ಓದಿದೆ. ಪಿಜಿಯಲ್ಲೇ ಉಳಿದಿದ್ದ ರೂಮ್‌ಮೇಟ್‌ಗೆ ವೈಫೈ ಇತ್ತು, ಎರಡೇ ನಿಮಿಷದಲ್ಲಿ ಫೋಟೋಗ್ರಫಿ ಅವಳದ್ದಾಯಿತು.

ಎಲ್ಲರೂ ಬೈದಿದ್ದು ಸರ್ವರ್‌ಗೆ. ನಾಲ್ಕನೇ ಸೆಮಿಸ್ಟರ್‌ಗೆ ದೊಡ್ಡ ಸರ್ವರ್ ಹಾಕಿಸಿದರು. ಪೋರ್ಟಲ್ ಬೀಳಲಿಲ್ಲ, ಅದು ನಿಜ. ಆದರೆ ಒಳ್ಳೆಯ ಕೋರ್ಸ್‌ಗಳೆಲ್ಲ ನಾಲ್ಕೇ ನಿಮಿಷದಲ್ಲಿ ಖಾಲಿ! ಸಾವಿರಾರು ಜನರನ್ನು ಒಂದೇ ನಿಮಿಷಕ್ಕೆ ಕರೆದು ಓಟದ ಪಂದ್ಯ ಇಟ್ಟರೆ ಸರ್ವರ್ ಏನು ಮಾಡುತ್ತದೆ ಪಾಪ, ಅಲ್ವಾ?

ಐದನೇ ಸೆಮಿಸ್ಟರ್‌ಗೆ ಪಂದ್ಯವನ್ನೇ ತೆಗೆದರು. ಸಿಇಟಿ ಬರೆದವರಿಗೆ ಸೀಟು ಹಂಚಲು ಪರೀಕ್ಷಾ ಪ್ರಾಧಿಕಾರ (ಕೆಇಎ) ಆಪ್ಷನ್ ಎಂಟ್ರಿ ಮಾಡಿಸುತ್ತದಲ್ಲ, ಹೆಚ್ಚುಕಮ್ಮಿ ಹಾಗೇ. ಮೂರು ದಿನ ಲಿಂಕ್ ತೆರೆದಿರುತ್ತದೆ. ಬೇಕಾದ ಐದು ಕೋರ್ಸ್‌ಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಇಲ್ಲಿ ರ‍್ಯಾಂಕ್ ಬದಲು ಲಾಟರಿ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಸೀಟು ಉಳಿದಿರುವ ಮೊದಲ ಕೋರ್ಸನ್ನು ಕೊಡುತ್ತಾರೆ. ಹಾಗಾಗಿ ಲೆಕ್ಕಾಚಾರ ಬೇಡ, ಇಷ್ಟದ್ದನ್ನೇ ಮೇಲೆ ಬರೆದರಾಯಿತು. ಹೋದ ಸಲ ಮೊದಲ ಆಯ್ಕೆ ಸಿಗದವರ ಸರದಿ ಈ ಸಲ ಮುಂಚೆ ಬರುತ್ತದೆ. ಇದರಲ್ಲೊಂದು ಕಿಂಡಿ ಇದೆ. ಸಿಗುವುದೇ ಇಲ್ಲ ಅಂತ ಗೊತ್ತಿರುವ ಕೋರ್ಸನ್ನು ಬೇಕಂತಲೇ ಮೊದಲು ಬರೆದು, ಮುಂದಿನ ಸಲಕ್ಕೆ ಜಾಗ ಮಾಡಿಕೊಳ್ಳುವ ಜಾಣರು ನಮ್ಮ ಕ್ಲಾಸಿನಲ್ಲೇ ಇದ್ದರು.

ಟೈಮ್‌ಟೇಬಲ್ ಕ್ಲ್ಯಾಶ್ ಮಾತ್ರ ಹಾಗೇ ಉಳಿದಿದೆ. ಬುಧವಾರ ಮಧ್ಯಾಹ್ನ ಕೆಮಿಸ್ಟ್ರಿ ಲ್ಯಾಬ್ ಇರುವವರಿಗೆ ಅದೇ ಹೊತ್ತಿನ ಇಲೆಕ್ಟಿವ್ ಕೊಟ್ಟು, ಆಮೇಲೆ ಹೆಚ್‌ಓಡಿ ಹತ್ತಿರ ಅರ್ಜಿ ಬರೆಸುತ್ತಾರೆ. ಅಮೆರಿಕದ ವಾರ್ಟನ್ ಬಿಸಿನೆಸ್ ಸ್ಕೂಲ್ 2013ರಲ್ಲೇ ಕೋರ್ಸ್ ಮ್ಯಾಚ್ ಅನ್ನುವ ವ್ಯವಸ್ಥೆ ತಂದಿತು. ಯಾವ ಕೋರ್ಸ್ ಎಷ್ಟು ಬೇಕು ಅಂತ ವಿದ್ಯಾರ್ಥಿಗಳು ಅಂಕ ಕೊಟ್ಟರೆ ಸಾಕು, ಕ್ಲ್ಯಾಶ್ ಇಲ್ಲದ ಹಾಗೆ ಪೂರ್ತಿ ಟೈಮ್‌ಟೇಬಲನ್ನೇ ಕಂಪ್ಯೂಟರ್ ಹೊಂದಿಸಿಕೊಡುತ್ತದೆ. ಅಷ್ಟೆಲ್ಲ ಬೇಡ, ಲ್ಯಾಬ್ ಯಾವಾಗ ಅಂತ ನೋಡಿ ಕೊಟ್ಟರೂ ಸಾಕಿತ್ತು.

ಇನ್ನೊಂದು ಇನಿಷಿಯಲ್ ಗೋಳು. ಓದಿದ ಕೋರ್ಸಿನ ಕ್ರೆಡಿಟ್ ಜಮಾ ಆಗಲು ಎಬಿಸಿಯ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) 12 ಅಂಕಿಯ ಐಡಿ ಹಾಕಬೇಕು. ನನ್ನ ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಬರೀ ಇನಿಷಿಯಲ್. ನಮ್ಮ ಕಡೆ ಅರ್ಧ ಜನರದ್ದು ಹೀಗೇ. ಹೆಸರು ಹೊಂದುವುದಿಲ್ಲ ಅಂತ ನಮ್ಮ ಪೋರ್ಟಲ್ ಇದನ್ನು ಒಪ್ಪುವುದಿಲ್ಲ. ಮೂರು ಸಲ ಟಿಕೆಟ್ ಹಾಕಿದೆ, ಮೂರೂ ಪೆಂಡಿಂಗ್. ಪೋರ್ಟಲ್‌ನಲ್ಲಿ ಕನ್ನಡ ಇಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಆರನೇ ಸೆಮಿಸ್ಟರ್‌ನಲ್ಲಿ ಫೋಟೋಗ್ರಫಿ ಸಿಕ್ಕಿತು. ಊರಿನ ಮನೆಯ ಜಗಲಿಯಲ್ಲಿ ಕೂತು, ರಾತ್ರಿ ಹನ್ನೊಂದಕ್ಕೆ, ಒಂದೇ ಒಂದು ಸಿಗ್ನಲ್ ಕಡ್ಡಿಯಲ್ಲಿ ಫಾರಂ ತುಂಬಿದ್ದೆ. ಓಟಿಪಿ ಆಗಲೂ ಅಪ್ಪನ ಫೋನಿಗೇ ಬಂತು. ಮಲಗಿದ್ದವರನ್ನು ಎಬ್ಬಿಸಿದೆ.