ಫಾರ್ಮ್ಯಾಟ್ ಮಾಡ್ಬೇಡಿ, ವಿಂಡೋಸ್‌ನಲ್ಲೇ ‘ಕನ್ವರ್ಟ್’ ಇದೆ

ತಂಗಿಯ ಮದುವೆ ವಿಡಿಯೋ 11 ಜಿಬಿ. ಮನೆಯ ಹಾರ್ಡ್ ಡಿಸ್ಕಿನಲ್ಲಿ ಖಾಲಿ ಜಾಗ 170 ಜಿಬಿ. ಆದರೂ ಕಾಪಿ ಆಗುತ್ತಿಲ್ಲ. ಫೈಲ್ ತುಂಬಾ ದೊಡ್ಡದಾಯಿತು ಅಂತ ವಿಂಡೋಸ್ ಒಂದು ಡಬ್ಬಿ ತೋರಿಸಿ ನಿಲ್ಲುತ್ತದೆ. ಎರಡು ದಿನ ವಿಡಿಯೋ ಇದ್ದ ಪೆನ್‌ಡ್ರೈವ್ ಕೆಟ್ಟಿದೆ ಅಂದುಕೊಂಡು ವಿಡಿಯೋ ಮಾಡಿದವರಿಗೆ ಫೋನ್ ಮಾಡುತ್ತಲೇ ಇದ್ದೆ. ಪಾಪ, ಅವರದೇನೂ ತಪ್ಪಿರಲಿಲ್ಲ.

ತಪ್ಪು ಡಿಸ್ಕಿನ ಒಳಗಿನ ಫೈಲ್ ಸಿಸ್ಟಮ್‌ನದು, ಅಂದರೆ ಯಾವ ಫೈಲ್ ಎಲ್ಲಿದೆ ಅಂತ ಡಿಸ್ಕ್ ಲೆಕ್ಕ ಇಡುವ ಪದ್ಧತಿಯದು. ಅದು ಫ್ಯಾಟ್32. ವಿಂಡೋಸ್ 95ರ ಕಾಲದಲ್ಲಿ, 1996ರಲ್ಲಿ ಬಂದದ್ದು. ಅದರಲ್ಲಿ ಒಂದು ಫೈಲಿನ ಅಳತೆ ಬರೆದಿಡಲು ಇರುವುದು 32 ಬಿಟ್ ಜಾಗ ಮಾತ್ರ. ಹಾಗಾಗಿ 4,29,49,67,295 ಬೈಟ್ ದಾಟಿದ ಫೈಲನ್ನು, ಅಂದರೆ 4 ಜಿಬಿ ಮುಟ್ಟಿದ್ದನ್ನು, ಅದು ಇಟ್ಟುಕೊಳ್ಳುವುದೇ ಇಲ್ಲ. ಡಿಸ್ಕ್ ಎಷ್ಟೇ ಖಾಲಿ ಇರಲಿ. ನಾನು 2011ರಲ್ಲಿ ಈ 500 ಜಿಬಿ ಡಿಸ್ಕ್ ತಂದಾಗ ಅದು ಫ್ಯಾಟ್32ರಲ್ಲೇ ಬಂದಿತ್ತು. ಆಗ ಅಷ್ಟು ದೊಡ್ಡ ಫೈಲ್ ನಮ್ಮ ಮನೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ, ಗೊತ್ತಾಗಲೂ ಇಲ್ಲ.

ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ತೆಗೆದುಕೊಂಡು ಹೋದೆ. ಅಲ್ಲಿದ್ದ ಹುಡುಗ ಡಿಸ್ಕ್ ಚುಚ್ಚಿ ಒಂದು ನಿಮಿಷ ನೋಡಿದ. “ಫಾರ್ಮ್ಯಾಟ್ ಮಾಡ್ಲೇಬೇಕು, ಬೇರೆ ದಾರಿ ಇಲ್ಲ. ಒಳಗಿರೋದು ಹೋಗುತ್ತೆ. ಆಮೇಲೆ ಬೇಕಂದ್ರೆ ರಿಕವರಿ ಮಾಡಿ ಕೊಡ್ತೀವಿ, ಅದಕ್ಕೆ ಬೇರೆ ಚಾರ್ಜ್” ಅಂದ. ಒಳಗಿರುವುದನ್ನು ನಾವೇ ಅಳಿಸಿ, ಮತ್ತೆ ಅದನ್ನೇ ಹುಡುಕಿಕೊಡಲು ದುಡ್ಡು ಕೊಡುವುದು ಯಾವ ನ್ಯಾಯ? ಡಿಸ್ಕ್ ವಾಪಸ್ ಜೇಬಿಗೆ ಹಾಕಿಕೊಂಡು ಬಸ್ ಹತ್ತಿದೆ.

ನನಗೆ ಅಷ್ಟು ಭಯ ಯಾಕೆ ಅಂದರೆ, ಕೊಡಗಿನ ಮಕ್ಕಂದೂರು ಕಡೆಯ ನಮ್ಮ ಅತ್ತೆಯ ಮನೆ 2018ರ ಆಗಸ್ಟ್ ಮಳೆಯಲ್ಲಿ ಗುಡ್ಡದ ಜೊತೆ ಹೋಯಿತು. ಜನ ಉಳಿದರು, ಮನೆ ಉಳಿಯಲಿಲ್ಲ, ಆಲ್ಬಮ್‌ಗಳು ಉಳಿಯಲಿಲ್ಲ. ಆ ಮನೆಯ ಫೋಟೋ ಅಂತ ಇರುವುದು ಈ ಡಿಸ್ಕಿನಲ್ಲಿ ಮಾತ್ರ. ಒಂದು ಪುತ್ತರಿಯ, ಅಂದರೆ ನಮ್ಮ ಸುಗ್ಗಿ ಹಬ್ಬದ, ರಾತ್ರಿ ತೆಗೆದದ್ದು ಇದೆ. ಅತ್ತೆ ಕದಿರು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಾರೆ, ಹಿಂದೆ ಬಾಗಿಲ ಪಕ್ಕದಲ್ಲಿ ಮಾವನ ಗಂಬೂಟು. ಅಂಥ ಡಿಸ್ಕನ್ನು ಯಾರೋ ಸುಮ್ನೆ ಫಾರ್ಮ್ಯಾಟ್ ಅಂದರೆ ಕೈ ನಡುಗುವುದಿಲ್ವಾ?

ಆಮೇಲೆ ಕೂತು ಹುಡುಕಿದಾಗ ಗೊತ್ತಾಯಿತು. ಇದಕ್ಕೆ ಬೇಕಾದ ಉಪಕರಣ ವಿಂಡೋಸ್ ಒಳಗೇ ಇದೆ. ಹೆಸರು ಕನ್ವರ್ಟ್. ಎಕ್ಸ್‌ಪಿಯಲ್ಲೂ ಇತ್ತು, 7ರಲ್ಲೂ ಇತ್ತು, 10 ಮತ್ತು 11ರಲ್ಲೂ ಇದೆ. ಡೌನ್‌ಲೋಡ್ ಬೇಡ, ಒಂದು ರೂಪಾಯಿ ಖರ್ಚಿಲ್ಲ. ಫ್ಯಾಟ್ ಅಥವಾ ಫ್ಯಾಟ್32 ಡ್ರೈವನ್ನು ಒಳಗಿನ ಫೈಲುಗಳ ಸಮೇತ ಎನ್‌ಟಿಎಫ್‌ಎಸ್ ಮಾಡುತ್ತದೆ, ಅಷ್ಟೇ ಅದರ ಕೆಲಸ. ಎನ್‌ಟಿಎಫ್‌ಎಸ್ ಅಂದರೆ ಆ 4 ಜಿಬಿ ತೊಂದರೆ ಇಲ್ಲದ ಇನ್ನೊಂದು ಫೈಲ್ ಸಿಸ್ಟಮ್. ಇಷ್ಟು ವರ್ಷ ಕಂಪ್ಯೂಟರ್ ಬಳಸಿಯೂ ನನಗೆ ಇದು ಗೊತ್ತಿರಲಿಲ್ಲ, ಅಂಗಡಿಯವರೂ ಹೇಳಲಿಲ್ಲ.

ಹೇಗೆ ಸಾಧ್ಯ ಅಂತ ನಿಮಗೂ ಅನ್ನಿಸಬಹುದು. ನಮ್ಮ ಕಾಫಿ ಗೋಡೌನ್ ನೆನೆಸಿಕೊಳ್ಳಿ. ಚೀಲಗಳು ಸಾಲಾಗಿ ಇವೆ. ಯಾವ ಚೀಲ ಎಲ್ಲಿದೆ ಅಂತ ಬರೆದ ಹಳೆಯ ಲೆಕ್ಕದ ಪುಸ್ತಕ ಮೂಲೆಯಲ್ಲಿದೆ. ಕನ್ವರ್ಟ್ ಬಂದು ಚೀಲಗಳನ್ನು ಹೊರಗೆ ಹಾಕುವುದಿಲ್ಲ. ಖಾಲಿ ಜಾಗದಲ್ಲಿ ಕೂತು ಹೊಸ ಪುಸ್ತಕ ಬರೆಯುತ್ತದೆ, ಅದೇ ಚೀಲ ಅದೇ ಜಾಗ, ಬರೆದು ಮುಗಿದ ಮೇಲೆ ಇನ್ನು ಮುಂದೆ ಈ ಪುಸ್ತಕವೇ ಲೆಕ್ಕ ಅಂತ ಮಾಡುತ್ತದೆ. ಅದಕ್ಕೇ ಡಿಸ್ಕಿನಲ್ಲಿ ಸ್ವಲ್ಪ ಖಾಲಿ ಜಾಗ ಇರಲೇಬೇಕು. ತುಂಬಿ ತುಳುಕುವ ಡಿಸ್ಕ್ ಆದರೆ ಜಾಗ ಸಾಲದು ಅಂತ ಹೇಳಿ ಅದೇ ನಿಲ್ಲಿಸಿಬಿಡುತ್ತದೆ.

ಅಪಾಯ ಇರುವುದೂ ಅಲ್ಲೇ. ಪುಸ್ತಕ ಬದಲಾಗುವ ಹೊತ್ತಿಗೆ ಕರೆಂಟ್ ಹೋದರೆ ಅಥವಾ ಕೇಬಲ್ ಕಿತ್ತು ಬಂದರೆ ಹಳೆಯದೂ ಇಲ್ಲ, ಹೊಸದೂ ಪೂರ್ತಿ ಇಲ್ಲ ಅನ್ನುವ ಸ್ಥಿತಿ ಬರಬಹುದು. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ, ಒಂದು ಸಿಲ್ವರ್ ಮರದ ಕೊಂಬೆ ತಂತಿ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಅದಕ್ಕೆ ಡೆಸ್ಕ್‌ಟಾಪಿನಲ್ಲಿ ಮಾಡಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಕೂಡ ಹಾಕಿಟ್ಟು ಮಾಡಿದೆ. ನನ್ನ ಡಿಸ್ಕಿಗೆ ಯುಎಸ್‌ಬಿ ಕೇಬಲ್‌ನಿಂದಲೇ ಪವರ್ ಬರುವುದರಿಂದ ಕರೆಂಟ್ ಹೋದರೂ ಎರಡೂ ನಡೆಯುತ್ತಿರುತ್ತವೆ. ಲ್ಯಾಪ್‌ಟಾಪ್ ತಾನಾಗಿ ಸ್ಲೀಪ್‌ಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಾಯಿಸಿದೆ. ಮೇಜಿನ ಕಾಲಿಗೆ ಬೆಕ್ಕು ಸುತ್ತುತ್ತಿತ್ತು, ಅದನ್ನೂ ಹೊರಗೆ ಬಿಟ್ಟು ಬಾಗಿಲು ಹಾಕಿದೆ.

ಅದಕ್ಕೂ ಮೊದಲು ಬ್ಯಾಕಪ್. ಕುಶಾಲನಗರದ ಭಾವನ ಹತ್ತಿರ 1 ಟಿಬಿ ಡಿಸ್ಕ್ ಇತ್ತು, ಕೇಳಿ ತಂದೆ. ನನ್ನದು ಹಳೆಯ ಯುಎಸ್‌ಬಿ 2.0, ಸುಮಾರು 295 ಜಿಬಿ ಕಾಪಿ ಆಗಲು ಮೂರು ಗಂಟೆ ಹಿಡಿಯಿತು. ‘ಡೇಟಾ ಹೋಗದ ಹಾಗೆ ಮಾಡುತ್ತದೆ ಅಂತೀರಿ, ಮತ್ತೆ ಬ್ಯಾಕಪ್ ಯಾಕೆ’ ಅಂತ ಭಾವನೇ ಕೇಳಿದರು. ಕನ್ವರ್ಟ್ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಹದಿನಾಲ್ಕು ವರ್ಷದ ಡಿಸ್ಕಿನ ಮೇಲೆ ನಂಬಿಕೆ ಇಲ್ಲ. ನಮ್ಮ ಮಳೆಗಾಲದ ತೇವಕ್ಕೆ ಕ್ಯಾಮೆರಾ ಲೆನ್ಸಿಗೇ ಬೂಸ್ಟು ಹಿಡಿಯುತ್ತದೆ, ಡಿಸ್ಕ್ ಎಷ್ಟು ದಿನ ತಡೆಯುತ್ತೆ ಹೇಳಿ. ಬ್ಯಾಕಪ್ ಇಲ್ಲದೆ ಇದನ್ನು ದಯವಿಟ್ಟು ಮುಟ್ಟಬೇಡಿ.

ಇನ್ನೊಂದು ಕೆಲಸ ಮಾಡಿದೆ, ನೀವೂ ಮಾಡಿ. ಡಿಸ್ಕಿನ ಎಲ್ಲಾ ಫೋಲ್ಡರ್ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಒಟ್ಟು ಎಷ್ಟು ಫೈಲ್ ಅಂತ ತೋರಿಸುತ್ತದೆ. ನನ್ನದು 61,408. ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಬರೆದಿಟ್ಟೆ.

ಈಗ ಅಸಲಿ ಕೆಲಸ. ಕಮಾಂಡ್ ಪ್ರಾಂಪ್ಟನ್ನು, ಅಂದರೆ ಆಜ್ಞೆ ಟೈಪ್ ಮಾಡುವ ಕಪ್ಪು ಪರದೆಯನ್ನು, ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ಮೊದಲು ಚೆಕ್‌ಡಿಸ್ಕ್ ಓಡಿಸಿದೆ, ಇಂಗ್ಲಿಷ್ ಅಕ್ಷರದಲ್ಲಿ ಸಿಎಚ್‌ಕೆಡಿಎಸ್‌ಕೆ, ಒಂದು ಸ್ಪೇಸ್, ಡ್ರೈವಿನ ಅಕ್ಷರ, ಕೋಲನ್, ಸ್ಪೇಸ್, ಸ್ಲ್ಯಾಶ್, ಎಫ್. ಸಣ್ಣಪುಟ್ಟ ದೋಷ ಇದ್ದರೆ ಇದು ಸರಿ ಮಾಡುತ್ತದೆ. ದೋಷ ಉಳಿದಿದ್ದರೆ ಕನ್ವರ್ಟ್ ಕೆಲಸ ಶುರು ಮಾಡುವುದಿಲ್ಲ, ಅದು ಒಳ್ಳೆಯದೇ. ಆಮೇಲೆ ಕನ್ವರ್ಟ್ ಅಂತ ಟೈಪ್ ಮಾಡಿ, ಸ್ಪೇಸ್, ಡ್ರೈವಿನ ಅಕ್ಷರ, ಕೋಲನ್, ಸ್ಪೇಸ್, ಸ್ಲ್ಯಾಶ್, ಎಫ್‌ಎಸ್, ಮತ್ತೆ ಕೋಲನ್, ಎನ್‌ಟಿಎಫ್‌ಎಸ್. ಎಂಟರ್ ಒತ್ತುವ ಮುಂಚೆ ಡ್ರೈವಿನ ಅಕ್ಷರ ಮೂರು ಸಲ ನೋಡಿ. ನನ್ನದು ಇ. ಭಾವನ ಡಿಸ್ಕನ್ನು ಅಷ್ಟೊತ್ತಿಗೆ ಕಿತ್ತು ಬೀರುವಿನಲ್ಲಿ ಇಟ್ಟಿದ್ದೆ.

ಎಂಟರ್ ಒತ್ತಿದ ತಕ್ಷಣ ಅದು ಡ್ರೈವಿನ ಈಗಿನ ಹೆಸರು ಕೇಳುತ್ತದೆ. ಇಲ್ಲಿ ಬಹಳ ಜನ ಗಾಬರಿಯಾಗಿ ಬಿಡುತ್ತಾರೆ ಅನ್ನಿಸುತ್ತದೆ. ಗಾಬರಿ ಬೇಡ, ಇದು ಒಂದು ಕಾವಲು. ತಪ್ಪು ಡ್ರೈವ್ ಮೇಲೆ ಕೈ ಹಾಕದಿರಲಿ ಅಂತ ಕೇಳುವುದು. ದಿಸ್ ಪಿಸಿಯಲ್ಲಿ (ಹಳೆಯ ವಿಂಡೋಸ್‌ನಲ್ಲಿ ಮೈ ಕಂಪ್ಯೂಟರ್) ಡ್ರೈವಿನ ಪಕ್ಕ ಏನು ಹೆಸರಿದೆಯೋ ಅದನ್ನೇ ಹೊಡೆಯಬೇಕು. ನಾನು 2011ರಲ್ಲಿ ‘ಮನೆ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟಿದ್ದೆ, ಅದನ್ನೇ ಹೊಡೆದೆ. ಹೆಸರೇ ಇಲ್ಲದಿದ್ದರೆ ಸುಮ್ನೆ ಎಂಟರ್ ಸಾಕು. ತಪ್ಪು ಹೊಡೆದರೆ ತಪ್ಪು ಅಂತ ಹೇಳಿ ನಿಲ್ಲುತ್ತದೆ, ಏನೂ ಹಾಳಾಗುವುದಿಲ್ಲ.

ನಂತರ ಕಪ್ಪು ಪರದೆ ಮೇಲೆ ಬಿಳಿ ಸಾಲುಗಳು. ಫೈಲು, ಫೋಲ್ಡರ್ ಪರಿಶೀಲನೆ, ಶೇಕಡಾ ನಿಧಾನಕ್ಕೆ ಏರುತ್ತದೆ. ಅದು ಮುಗಿದ ಮೇಲೆ ಒಟ್ಟು ಜಾಗ ಎಷ್ಟು, ಖಾಲಿ ಎಷ್ಟು, ಬದಲಾಯಿಸಲು ಬೇಕಾದ ಜಾಗ ಎಷ್ಟು ಅಂತ ಲೆಕ್ಕ ಕೊಡುತ್ತದೆ. ಆಮೇಲೆ ಬದಲಾಯಿಸುತ್ತಿದ್ದೇನೆ ಅನ್ನುವ ಸಾಲು. ಇಲ್ಲಿ ಶೇಕಡಾ ಏನೂ ಇಲ್ಲ, ಬರೀ ಆ ಸಾಲು. ಡಿಸ್ಕ್ ಮೇಲಿನ ನೀಲಿ ದೀಪ ಮಾತ್ರ ಪಟಪಟ ಅಂತ ಮಿಣುಕುತ್ತಿತ್ತು. ಆ ಸಮಯದಲ್ಲಿ ನಾನು ಕುರ್ಚಿ ಬಿಟ್ಟು ಏಳಲೂ ಇಲ್ಲ, ಕಾಫಿ ಆರಿ ಹೋಯಿತು. ಒಟ್ಟು ಇಪ್ಪತ್ತೈದು ನಿಮಿಷ ಇರಬಹುದು. ಕೊನೆಗೆ ಮುಗಿಯಿತು ಅನ್ನುವ ಎರಡು ಪದ ಬಂತು.

ಪ್ರಾಪರ್ಟೀಸ್ ತೆರೆದೆ. ಎನ್‌ಟಿಎಫ್‌ಎಸ್. ಫೈಲ್ ಎಷ್ಟು? 61,408. ಅತ್ತೆಯ ಫೋಟೋ ತೆರೆದೆ, ಗಂಬೂಟು ಕೂಡ ಅಲ್ಲೇ ಇತ್ತು. ಆಮೇಲೆ ಮದುವೆ ವಿಡಿಯೋ ಹಾಕಿದೆ. 11 ಜಿಬಿ ಒಂದೇ ಓಟಕ್ಕೆ ಹೋಯಿತು.

ಕೊರತೆಗಳನ್ನೂ ಹೇಳಬೇಕು. ದೊಡ್ಡದು ಏನೆಂದರೆ ಇದು ಒಂದೇ ಕಡೆಯ ದಾರಿ. ಎನ್‌ಟಿಎಫ್‌ಎಸ್ ಆದ ಮೇಲೆ ಮತ್ತೆ ಫ್ಯಾಟ್32 ಬೇಕು ಅಂದರೆ ಕನ್ವರ್ಟ್ ಮಾಡಿಕೊಡುವುದಿಲ್ಲ. ಆಗ ಎಲ್ಲಾ ಬೇರೆ ಕಡೆ ಕಾಪಿ ಮಾಡಿ ಫಾರ್ಮ್ಯಾಟೇ ಮಾಡಬೇಕು. ನಮ್ಮ ಹಳೆಯ ಡಿವಿಡಿ ಪ್ಲೇಯರ್ ಈಗ ಈ ಡಿಸ್ಕನ್ನು ಗುರುತೇ ಹಿಡಿಯುವುದಿಲ್ಲ. ಅಮ್ಮ ಅದರಲ್ಲೇ ಹಳೇ ಹಾಡು ಕೇಳುತ್ತಿದ್ದರು, ಅವರಿಗೆ ಬೇಜಾರಾಗಿದೆ. ಟಿವಿ ಮಾತ್ರ ಓದಿತು. ಮ್ಯಾಕ್ ಇರುವವರಿಗೆ ಎನ್‌ಟಿಎಫ್‌ಎಸ್ ಡಿಸ್ಕ್ ತೆರೆದು ನೋಡಬಹುದು, ಆದರೆ ಬೇರೆ ಸಾಫ್ಟ್‌ವೇರ್ ಹಾಕದೆ ಅದಕ್ಕೆ ಏನನ್ನೂ ಬರೆಯಲು ಆಗುವುದಿಲ್ಲ. ಕ್ಯಾಮೆರಾ ಕಾರ್ಡಿನ ಮೇಲಂತೂ ಇದನ್ನು ಓಡಿಸಲೇಬೇಡಿ. ಕ್ಯಾಮೆರಾಗಳಿಗೆ ಬೇಕಾದದ್ದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್.

ಎಕ್ಸ್‌ಫ್ಯಾಟ್ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು. 2006ರಲ್ಲಿ ಬಂದದ್ದು, 4 ಜಿಬಿ ತೊಂದರೆ ಅದಕ್ಕಿಲ್ಲ, ಮ್ಯಾಕ್‌ಗೂ ವಿಂಡೋಸ್‌ಗೂ ಎರಡಕ್ಕೂ ಬರೆಯಲು ಬರುತ್ತದೆ. ಆದರೆ ಕನ್ವರ್ಟ್‌ನಿಂದ ಅದಕ್ಕೆ ಹೋಗಲು ಆಗುವುದಿಲ್ಲ. ಬೇರೆ ಬೇರೆ ಮನೆಯ ಬೇರೆ ಬೇರೆ ಕಂಪ್ಯೂಟರಿಗೆ ತಿರುಗುವ ಪೆನ್‌ಡ್ರೈವ್ ಆದರೆ ಕಾಪಿ ಮಾಡಿ, ಫಾರ್ಮ್ಯಾಟ್ ಮಾಡಿ ಎಕ್ಸ್‌ಫ್ಯಾಟ್ ಹಾಕಿಕೊಳ್ಳುವುದೇ ಸರಿ. ಮನೆಯ ವಿಂಡೋಸ್‌ಗೆ ಮಾತ್ರ ಸೇರಿಸುವ, ಫೋಟೋ ಕೂಡಿಟ್ಟ ದೊಡ್ಡ ಡಿಸ್ಕಿಗೆ ನಾನು ಎನ್‌ಟಿಎಫ್‌ಎಸ್ಸೇ ಅನ್ನುತ್ತೇನೆ. ಅದು ಮಾಡುವ ಬದಲಾವಣೆಗಳನ್ನು ಮೊದಲು ಒಂದು ಕಡೆ ಗುರುತು ಹಾಕಿಕೊಳ್ಳುತ್ತದೆ, ಹಾಗಾಗಿ ಮಧ್ಯೆ ಕರೆಂಟ್ ಹೋದರೂ ಡಿಸ್ಕಿನ ಲೆಕ್ಕ ಕೆಡುವುದು ಫ್ಯಾಟ್32ಗಿಂತ ಕಡಿಮೆ. ನಮ್ಮ ಊರಿಗೆ ಇದೇ ಮುಖ್ಯ ಅಲ್ವಾ.

ಇನ್ನೊಂದು, ಕನ್ವರ್ಟ್ ನಡೆಯುವಾಗ ಡ್ರೈವಿನ ಯಾವುದೋ ಫೈಲ್ ತೆರೆದಿದ್ದರೆ, ಡ್ರೈವ್ ಬಿಡಿಸಿಕೊಳ್ಳಲಾ ಅಂತ ಕೇಳುತ್ತದೆ. ಇಲ್ಲ ಅನ್ನಿ, ತೆರೆದದ್ದನ್ನು ಮುಚ್ಚಿ, ಮತ್ತೆ ಮೊದಲಿನಿಂದ ಮಾಡಿ. ಕಪ್ಪು ಪರದೆ ನೋಡಿಯೇ ಹೆದರುವವರು ಮನೆಯ ಕಾಲೇಜು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೈಕ್ರೋಸಾಫ್ಟ್ ಇದಕ್ಕೆ ಒಂದು ಬಟನ್ ಕೊಟ್ಟಿದ್ದರೆ ಎಷ್ಟು ಜನರ ಫೋಟೋ ಉಳಿಯುತ್ತಿತ್ತೋ ಅಂತ ನನಗೆ ನಿಜವಾಗಿ ಬೇಸರ ಇದೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಆ ಅರ್ಧ ಕಡಿಮೆ ಮಾಡಿದ್ದು ಬಟನ್ ಇಲ್ಲದ್ದಕ್ಕೆ.

ಭಾವನ ಡಿಸ್ಕ್ ಇನ್ನೂ ನನ್ನ ಹತ್ತಿರವೇ ಇದೆ. ಪುತ್ತರಿವರೆಗೆ ಇಟ್ಟುಕೋ, ಅವಸರ ಇಲ್ಲ ಅಂದಿದ್ದಾರೆ. ಅವರ ಮನೆಯಲ್ಲಿ ಇನ್ನೊಂದು ಹಳೆಯ 320 ಜಿಬಿ ಇದೆಯಂತೆ, ಅದೂ ಫ್ಯಾಟ್32. ಭಾನುವಾರ ತರುತ್ತಾರೆ. ಮಳೆ ಸ್ವಲ್ಪ ಬಿಟ್ಟರೆ ಅಂದೇ ಕೂರುತ್ತೇವೆ, ಇಲ್ಲದಿದ್ದರೆ ಬ್ಯಾಕಪ್ ಮಾತ್ರ ಮಾಡಿಡುವುದು ಅಂತ ಮಾತಾಗಿದೆ.